ಹಿತ್ತಲ ಕೋಳಿಗೆ ಕಾಳಿನ ತಟ್ಟೆ, ನೀರಿನ ಬೋಗುಣಿ

ಹೊಸೂರು ಸೀಮೆಯಲ್ಲಿ ಹಿತ್ತಲಿದ್ದು ಕೋಳಿ ಇಲ್ಲದ ಮನೆ ಕಡಿಮೆ. ಪಟ್ಟಣದ ಮನೆಗಳು ಅವಲಪಲ್ಲಿಯ ಮಗ್ಗುಲಿಗೆ ಬಂದು ನಿಂತಿದ್ದರೂ ಐದೋ ಹತ್ತೋ ಹೇಂಟೆ, ಒಂದು ಹುಂಜ ತಿಪ್ಪೆ ಕೆದಕುವ ನೋಟ ಈ ಕಡೆಯಿಂದ ಇನ್ನೂ ಹೋಗಿಲ್ಲ. ಕೋಳಿ ಕೊಳ್ಳುವಾಗ ನಮ್ಮ ಜನ ಕಾಲು ನೋಡುವರು, ಜುಟ್ಟು ನೋಡುವರು, ಬಣ್ಣ ನೋಡುವರು. ಗೂಡು ಕಟ್ಟುವಾಗ ನರಿ, ಬೆಕ್ಕು, ಮುಂಗುಸಿಗಳನ್ನು ನೆನೆದು ಕಟ್ಟುವರು. ಆದರೆ ಅದೇ ಕೋಳಿ ದಿನವೂ ತಿನ್ನುವ, ಕುಡಿಯುವ ಪಾತ್ರೆಯ ಮಾತು ಬಂದಾಗ ಮಾತ್ರ ಕೈಗೆ ಸಿಕ್ಕಿದ್ದೇ ಪಾತ್ರೆ. ಒಡೆದ ಮಡಕೆಯ ತಳ, ಬಣ್ಣದ ಡಬ್ಬ, ಸೀಳಿದ ಕ್ಯಾನು, ಏನಾದರೂ ಆದೀತು ಎಂಬ ಭಾವನೆ. ಈ ವಾರ ನಾವು ಅದರ ವಿಷಯವನ್ನೇ ಹೇಳಬೇಕೆಂದಿದ್ದೇವೆ. ಮರಿಗಳು ಸಾಯುವುದಕ್ಕೂ ಮೊಟ್ಟೆ ನಿಲ್ಲುವುದಕ್ಕೂ ಬೇರೆ ಕಾರಣ ಹುಡುಕುವ ಮೊದಲು ಈ ಪಾತ್ರೆಗಳನ್ನು ಒಮ್ಮೆ ಬಗ್ಗಿ ನೋಡುವುದು ಲೇಸು.

ಮೊದಲು ಅತಿ ಮುಖ್ಯವಾದುದನ್ನು ಹೇಳಿಬಿಡುತ್ತೇವೆ. ಹೊಸೂರಿನ ಸುತ್ತ ಗುಲಾಬಿ, ಟೊಮೇಟೊ, ಕೋಸು ಬೆಳೆಯುವವರು ಬಹಳ. ಬೆಳೆ ಇದ್ದಲ್ಲಿ ಔಷಧಿ ಹೊಡೆಯುವುದೂ ಉಂಟು. ಔಷಧಿ ಮುಗಿದ ಮೇಲೆ ಉಳಿಯುವ ಕ್ಯಾನು ಗಟ್ಟಿಯಾಗಿರುತ್ತದೆ, ಬಿಸಿಲು ಮಳೆಗೆ ತಡೆಯುತ್ತದೆ, ಕತ್ತಿಯಲ್ಲಿ ಸೀಳಿದರೆ ಎರಡು ಬೋಗುಣಿ ಆಗುತ್ತದೆ. ಎಷ್ಟೋ ಕಡೆ ಕೋಳಿಗೆ ನೀರಿಡುವುದು ಇದರಲ್ಲಿಯೇ. ಇದನ್ನು ಖಂಡಿತ ಮಾಡಕೂಡದು. ಹತ್ತು ಸಲ ಸೋಪು ಹಾಕಿ ತೊಳೆದರೂ ಆ ವಿಷ ಪ್ಲಾಸ್ಟಿಕ್ಕಿನ ಒಳಕ್ಕೆ ಇಳಿದಿರುತ್ತದೆ. ನೀರು ನಿಂತಾಗ ಸ್ವಲ್ಪ ಸ್ವಲ್ಪವಾಗಿ ಹೊರಗೆ ಬರುತ್ತದೆ. ಕೋಳಿಯ ತೂಕ ಒಂದೂವರೆ ಕಿಲೋ, ಮರಿಯ ತೂಕ ಮೂವತ್ತು ನಲವತ್ತು ಗ್ರಾಂ. ದನಕ್ಕೆ ಏನೂ ಆಗದ ಅಳತೆ ಮರಿಗೆ ಮೃತ್ಯುವಾದೀತು. ಸಾಯದೆ ಉಳಿದ ಕೋಳಿಯ ಮೊಟ್ಟೆಯನ್ನು ತಿನ್ನುವವರು ಮನೆಯ ಮಕ್ಕಳು ಎಂಬುದನ್ನೂ ನೆನೆಯಬೇಕು. ಕೀಟನಾಶಕಗಳ ವಿಷಯದಲ್ಲಿ 1968ರಲ್ಲಿ ಕಾನೂನು ಬಂತು, 1971ರಲ್ಲಿ ಅದರ ನಿಯಮಗಳು ಬಂದವು. ಖಾಲಿ ಡಬ್ಬಗಳನ್ನು ಮತ್ತೆ ಬಳಸದಂತೆ ಒಡೆದು, ಜನವಸತಿಯಿಂದ ದೂರ ಹೂಳಬೇಕೆಂದು ಆ ನಿಯಮಗಳಲ್ಲೇ ಇದೆ. ಪೇಂಟಿನ ಡಬ್ಬ, ಎಂಜಿನ್ ಎಣ್ಣೆಯ ಡಬ್ಬ, ಬ್ಯಾಟರಿಯ ಪೆಟ್ಟಿಗೆ ಇವೂ ಇದೇ ಜಾತಿಗೆ ಸೇರಿದುವು. ಇವನ್ನು ಪಾತ್ರೆಯ ಲೆಕ್ಕದಿಂದಲೇ ತೆಗೆದುಹಾಕಿ, ಮುಂದಿನ ಮಾತಿಗೆ ಬರೋಣ.

ಕೋಳಿ ಹೇಗೆ ತಿನ್ನುತ್ತದೆ, ಹೇಗೆ ಕುಡಿಯುತ್ತದೆ ಎಂಬುದನ್ನು ಅರ್ಧ ಗಳಿಗೆ ನಿಂತು ನೋಡಿದವರಿಗೆ ಪಾತ್ರೆ ಹೇಗಿರಬೇಕೆಂದು ಯಾರೂ ಹೇಳಬೇಕಾಗಿಲ್ಲ. ಪಾರಿವಾಳ ಕೊಕ್ಕನ್ನು ನೀರಿನಲ್ಲಿಟ್ಟು ದನದಂತೆ ಹೀರುತ್ತದೆ. ಕೋಳಿಗೆ ಆ ವಿದ್ಯೆ ಬಾರದು. ಅದು ಕೊಕ್ಕಿನಲ್ಲಿ ಒಂದು ಹನಿ ಮೊಗೆದು, ತಲೆ ಎತ್ತಿ, ಗಂಟಲಿಗೆ ಇಳಿಯಬಿಡಬೇಕು. ಆದ್ದರಿಂದ ಅದಕ್ಕೆ ಆಳವಾದ ನೀರು ಬೇಡ. ಬೆಳೆದ ಕೋಳಿಗೆ ಒಂದು ಅಂಗುಲ ನೀರು ಸಾಕು, ಮರಿಗೆ ಕಾಲು ಅಂಗುಲವೇ ಹೆಚ್ಚು. ಮೇವಿನ ವಿಷಯದಲ್ಲಿ ಅದರ ಸ್ವಭಾವವೇ ಬೇರೆ. ಕೋಳಿ ಮುಂದಿಟ್ಟದ್ದನ್ನು ಹಾಗೆಯೇ ತಿನ್ನುವ ಪ್ರಾಣಿಯಲ್ಲ. ಕಾಲಿನಿಂದ ಕೆದಕುವುದು, ಕೊಕ್ಕಿನಿಂದ ಅತ್ತ ಇತ್ತ ಒಗೆದು ಬೇಕಾದುದನ್ನು ಆರಿಸುವುದು ಅದರ ಹುಟ್ಟುಗುಣ. ನೀರಿನ ಪಾತ್ರೆಯಲ್ಲಿ ಕೋಳಿ ಬೀಳಬಾರದು, ಮೇವಿನ ಪಾತ್ರೆಯಲ್ಲಿ ಕೋಳಿ ಹತ್ತಬಾರದು. ಪಾತ್ರೆ ಆರಿಸುವ ವಿದ್ಯೆಯಲ್ಲಿ ಅರ್ಧ ಪಾಲು ಇದೇ.

ಮೇವಿನ ಪಾತ್ರೆ

ಕೋಳಿಗೆ ಪಾತ್ರೆ ಏಕೆ, ನೆಲ ಇಲ್ಲವೇ ಎಂದು ಕೇಳುವವರುಂಟು. ಅವರ ಮಾತಿನಲ್ಲಿ ನಿಜವೂ ಉಂಟು. ಇಡೀ ರಾಗಿ, ಜೋಳ, ಅಕ್ಕಿನುಚ್ಚು ಹಾಕುವುದಾದರೆ, ಒಣಗಿದ, ಗುಡಿಸಿದ ಅಂಗಳದಲ್ಲಿ ಚೆಲ್ಲುವುದೇ ಒಳ್ಳೆಯದು. ಕೋಳಿಗಳು ಕೆದಕಿಕೊಂಡು, ಚೆದರಿಕೊಂಡು ತಿನ್ನುತ್ತವೆ. ಒಂದನ್ನೊಂದು ಕುಕ್ಕುವುದು ಕಡಿಮೆಯಾಗುತ್ತದೆ. ಬಿದ್ದ ಕಾಳು ವ್ಯರ್ಥವಾಗದು. ಆದರೆ ತೌಡು, ರಾಗಿಹಿಟ್ಟು, ಕಡಲೆಕಾಯಿ ಹಿಂಡಿಯ ಪುಡಿ, ಅಂಗಡಿಯಲ್ಲಿ ಮೂಟೆ ಕಟ್ಟಿ ಮಾರುವ ಹಿಟ್ಟುಮೇವು, ಇವು ನೆಲಕ್ಕೆ ಬಿದ್ದರೆ ಮಣ್ಣಿನ ಪಾಲು. ಮಳೆ ಬಿದ್ದ ದಿನ ಕಾಳೂ ಹಾಗೆಯೇ. ಕೆಸರಿನಲ್ಲಿ ಬಿದ್ದ ಕಾಳಿನ ಜೊತೆಗೆ ಹಿಕ್ಕೆಯೂ ಹುಳುವಿನ ಮೊಟ್ಟೆಯೂ ಹೊಟ್ಟೆಗೆ ಹೋಗುತ್ತವೆ. ಹಿಟ್ಟುಮೇವು ಹಾಕುವವರಿಗೆ ಪಾತ್ರೆ ಬೇಕೇ ಬೇಕು.

ಆ ಪಾತ್ರೆಯನ್ನು ಎಷ್ಟು ತುಂಬಬೇಕು ಎಂಬುದರಲ್ಲಿ ದುಡ್ಡಿನ ಲೆಕ್ಕವೇ ಅಡಗಿದೆ. ಅಂಚಿನವರೆಗೆ ತುಂಬಿದರೆ ನೂರಕ್ಕೆ ಮೂವತ್ತು ಪಾಲಿನವರೆಗೆ ಚೆಲ್ಲಿಹೋಗುವುದೆಂದೂ, ಅರ್ಧ ತುಂಬಿದರೆ ಮೂರು ಪಾಲೆಂದೂ, ಮೂರನೆಯ ಒಂದು ಪಾಲು ಮಾತ್ರ ತುಂಬಿದರೆ ಹೆಚ್ಚುಕಡಿಮೆ ಏನೂ ಚೆಲ್ಲದೆಂದೂ ಕೋಳಿ ಸಾಕಣೆಯ ಪಾಠಗಳಲ್ಲಿ ಬಹಳ ದಿನದಿಂದ ಹೇಳಿಕೊಂಡು ಬಂದಿದ್ದಾರೆ. ಹೊರಗೆ ಮೇದು ಬರುವ ಹತ್ತು ಕೋಳಿಗೆ ತಲೆಗೆ 50 ಗ್ರಾಂನಂತೆ ದಿನಕ್ಕೆ ಅರ್ಧ ಕಿಲೋ ಹಿಟ್ಟುಮೇವು ಹಾಕುವಿರಿ ಎನ್ನಿ. ಅದರಲ್ಲಿ ಮೂವತ್ತು ಪಾಲು ಹೋದರೆ ದಿನಕ್ಕೆ 150 ಗ್ರಾಂ ಹೋಯಿತು. ವರ್ಷಕ್ಕೆ 54 ಕಿಲೋ ದಾಟುತ್ತದೆ, ಎಂದರೆ ಒಂದು ಮೂಟೆಗಿಂತ ಹೆಚ್ಚು. ಒಂದೇ ಸಲ ತುಂಬಿ ಹೊಲಕ್ಕೆ ಹೋಗುವ ಬದಲು ಬೆಳಿಗ್ಗೆ ಒಂದಿಷ್ಟು, ಸಂಜೆ ಗೂಡಿಗೆ ಬರುವ ಮೊದಲು ಒಂದಿಷ್ಟು ಹಾಕುವುದರಿಂದ ಈ ಮೂಟೆ ಉಳಿಯುತ್ತದೆ. ಸಂಜೆಯ ಮೇವಿಗೆ ಕೋಳಿ ತಾನಾಗಿ ಗೂಡಿಗೆ ಬರುವುದೂ ಒಂದು ಲಾಭ.

ಎತ್ತರದ ವಿಷಯ. ಪಾತ್ರೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಇರಬೇಕು. ಆಗ ಅದು ಕತ್ತು ಚಾಚಿ ತಿನ್ನುತ್ತದೆ. ಒಳಕ್ಕೆ ಕಾಲಿಡಲಾರದು, ಕೊಕ್ಕಿನಿಂದ ಒಗೆದರೂ ಹೆಚ್ಚು ಹೊರಬೀಳದು. ನೆಲದ ಮೇಲಿಟ್ಟ ತಟ್ಟೆಯಲ್ಲಿ ಹೇಂಟೆ ನಿಂತು ಕೆದಕಿ, ಅದರಲ್ಲೇ ಹಿಕ್ಕೆ ಹಾಕಿ, ಮತ್ತೆ ಅದನ್ನೇ ತಿನ್ನುವುದನ್ನು ಎಲ್ಲರೂ ಕಂಡಿದ್ದೇವೆ. ಎರಡು ಇಟ್ಟಿಗೆಯ ಮೇಲೆ ಪಾತ್ರೆ ಇಟ್ಟರೆ ಈ ತೊಂದರೆ ಅರ್ಧ ಕಳೆಯಿತು. ಮರಿಗಳು ಬೆಳೆದಂತೆ ಇಟ್ಟಿಗೆಯನ್ನೂ ಬೆಳೆಸಬೇಕು.

ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮೆಚ್ಚಾದುದು ಬಿದಿರಿನ ದೋಣಿ. ನಾಲ್ಕಂಗುಲ ದಪ್ಪದ ಬಿದಿರು ಸಿಕ್ಕಿದರೆ, ಎರಡು ಕಡೆ ಗೆಣ್ಣು ಉಳಿಯುವಂತೆ ಎರಡಡಿ ತುಂಡು ತೆಗೆಯಿರಿ. ನಡುವೆ ಗೆಣ್ಣು ಬಂದರೆ ಬರಲಿ. ಅದನ್ನು ಸರಿಯಾಗಿ ಅರ್ಧಕ್ಕೆ ಸೀಳಬೇಡಿ. ಮೇಲಿನ ಮೂರನೆಯ ಒಂದು ಪಾಲನ್ನು ಮಾತ್ರ ಸೀಳಿ ತೆಗೆದರೆ, ಉಳಿದ ದೋಣಿಯ ಅಂಚುಗಳು ತಾವಾಗಿ ಒಳಕ್ಕೆ ಬಾಗಿರುತ್ತವೆ. ಕೋಳಿ ಕೊಕ್ಕಿನಿಂದ ಪಕ್ಕಕ್ಕೆ ಒಗೆದ ಹಿಟ್ಟು ಈ ಬಾಗಿಗೆ ತಗುಲಿ ಮತ್ತೆ ಒಳಕ್ಕೇ ಬೀಳುತ್ತದೆ. ಅಂಚಿನ ಸಿಬಿರನ್ನು ಮಾತ್ರ ಚೆನ್ನಾಗಿ ಹೆರೆಯಬೇಕು. ಎರಡು ತುದಿಗೆ ಕತ್ತರಿಯಂತೆ ಕೋಲು ಕಟ್ಟಿ ನಿಲ್ಲಿಸಿ, ಮೇಲೆ ಉದ್ದಕ್ಕೂ ಒಂದು ಸಣ್ಣ ಕೋಲನ್ನು ಸಡಿಲವಾಗಿ, ತಿರುಗುವಂತೆ ಸಿಕ್ಕಿಸಿದರೆ ಅದರ ಮೇಲೆ ಕೂರಹೋದ ಕೋಳಿ ಜಾರಿ ಇಳಿಯುತ್ತದೆ. ಬೆಳೆದ ಕೋಳಿಗೆ ತಿನ್ನಲು ನಾಲ್ಕಂಗುಲ ಜಾಗ ಬೇಕು. ಎರಡಡಿ ದೋಣಿಗೆ ಎರಡು ಮಗ್ಗುಲೂ ಸೇರಿ ನಲವತ್ತೆಂಟು ಅಂಗುಲವಾಯಿತು, ಹನ್ನೆರಡು ಕೋಳಿ ಒಟ್ಟಿಗೆ ನಿಂತು ತಿನ್ನಬಹುದು. ಬಿದಿರು ಸಿಕ್ಕದವರು ಮನೆ ಕಟ್ಟಿ ಉಳಿದ ಪಿವಿಸಿ ಕೊಳವೆಯಲ್ಲಿಯೂ ಹೀಗೆಯೇ ಮಾಡಬಹುದು. ಅದು ಇಲಿಯ ಹಲ್ಲಿಗೂ ಮಳೆಗೂ ಬಿದಿರಿಗಿಂತ ಹೆಚ್ಚು ದಿನ ತಡೆಯುತ್ತದೆ, ನೋಡುವುದಕ್ಕೆ ಚೆಲುವಿಲ್ಲ ಅಷ್ಟೆ.

ಈ ಜಾಗದ ಲೆಕ್ಕವನ್ನು ಹಗುರವಾಗಿ ಎಣಿಸಬಾರದು. ಕೋಳಿಗಳಲ್ಲಿ ಮೇಲು ಕೀಳು ಬಹಳ. ಯಾರು ಯಾರನ್ನು ಕುಕ್ಕಬಹುದು ಎಂಬ ಕ್ರಮ ಪ್ರತಿ ಹಿಂಡಿನಲ್ಲಿಯೂ ಉಂಟೆಂಬುದನ್ನು ನಾರ್ವೆ ದೇಶದ ಶೆಲ್ಡರಪ್ ಎಬ್ಬೆ ಎಂಬಾತ ಕೋಳಿಗಳನ್ನು ನೋಡಿ ನೋಡಿಯೇ 1921ರಲ್ಲಿ ಬರೆದ. ನಮ್ಮ ಹೆಂಗಸರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಒಂದೇ ಚಿಕ್ಕ ತಟ್ಟೆ ಇಟ್ಟರೆ ಜಗಳಗಂಟಿ ಹೇಂಟೆಗಳು ಮೊದಲು ತಿಂದು, ಬಡಪಾಯಿಗಳಿಗೆ ಧೂಳು ಮಾತ್ರ ಉಳಿಯುತ್ತದೆ. ಮೊಟ್ಟೆ ಇಡದ ಕೋಳಿ ಎಂದು ಸಂತೆಗೆ ಒಯ್ಯುವ ಕೋಳಿ ಎಷ್ಟೋ ಸಲ ಹೊಟ್ಟೆಗಿಲ್ಲದ ಕೋಳಿ. ಒಂದು ದೊಡ್ಡ ಪಾತ್ರೆಗಿಂತ ದೂರ ದೂರ ಇಟ್ಟ ಎರಡು ಚಿಕ್ಕ ಪಾತ್ರೆಗಳು ಮೇಲು ಎಂದು ನಾವು ಹೇಳುವುದು ಇದಕ್ಕಾಗಿಯೇ. ನೀರಿಗೂ ಇದೇ ಮಾತು.

ಮೇವಿನ ಪಾತ್ರೆಗೆ ಮೂಲೆ ಇರಬಾರದು. ಚೌಕದ ತಗಡಿನ ಪೆಟ್ಟಿಗೆಯ ಮೂಲೆಯಲ್ಲಿ ಹಿಟ್ಟು ಸೇರಿ, ತೇವ ತಗುಲಿ, ಗಟ್ಟಿಕಟ್ಟಿ, ಬೂಸರು ಹಿಡಿಯುತ್ತದೆ. ಬೂಸರು ಹಿಡಿದ ಕಡಲೆಕಾಯಿ ಹಿಂಡಿ ಎಂಥ ಕೇಡನ್ನು ಮಾಡಬಲ್ಲದು ಎಂಬುದಕ್ಕೆ 1960ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಸಂಗತಿಯೇ ಸಾಕ್ಷಿ. ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ, ಬ್ರೆಜಿಲ್ ದೇಶದಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಬೂಸರಿನ ವಿಷ ಎಂದು ತಿಳಿಯಿತು. ಅಫ್ಲಟಾಕ್ಸಿನ್ ಎಂಬ ಹೆಸರು ಹುಟ್ಟಿದ್ದು ಆಗಲೇ. ಅದು ಕೋಳಿಯ ಈಲಿಯನ್ನು ಕೆಡಿಸುತ್ತದೆ. ಕೃಷ್ಣಗಿರಿ ಸೀಮೆಯವರಿಗೆ ಕಡಲೆಕಾಯಿ ಹಿಂಡಿ ಹೊಸದಲ್ಲ. ಒಳ್ಳೆಯ ಮೇವೂ ಹೌದು. ಆದರೆ ಪಾತ್ರೆಯ ತಳದಲ್ಲಿ ಹಸಿರೋ ಕಪ್ಪೋ ಪಟ್ಟೆ ಕಂಡರೆ ಅದರ ಮೇಲೆ ಹೊಸ ಮೇವು ಹಾಕದೆ, ಕೆರೆದು, ತಿಪ್ಪೆಗೂ ಎಸೆಯದೆ ಹೂಳಿಬಿಡಬೇಕು. ತಿಪ್ಪೆಗೆ ಎಸೆದದ್ದು ಮತ್ತೆ ಕೋಳಿಯ ಹೊಟ್ಟೆಗೇ ಬರುತ್ತದೆ ತಾನೆ.

ಅಡಿಗೆಮನೆಯ ಉಳಿಕೆಯನ್ನು ಕೋಳಿಗೆ ಹಾಕುವ ಪದ್ಧತಿ ಒಳ್ಳೆಯದೇ. ಮುದ್ದೆಯ ಸೀಕು, ಅನ್ನ, ಸೊಪ್ಪಿನ ದಂಟು ಎಲ್ಲ ಆದೀತು. ಸಾರು, ಉಪ್ಪಿನಕಾಯಿಯ ರಸ ಬೆರೆತದ್ದು ಮಾತ್ರ ಬೇಡ. ಕೋಳಿಗೆ ಉಪ್ಪು ಬಹಳ ಬೇಗ ವಿಷವಾಗುತ್ತದೆ, ಅದರಲ್ಲಿಯೂ ಕುಡಿಯುವ ನೀರು ಬತ್ತಿದ ಮಧ್ಯಾಹ್ನ. ಹಸಿ ಉಳಿಕೆಗೆ ಬೇರೆ ತಟ್ಟೆ ಇಟ್ಟು, ಒಂದು ತಾಸಿನ ಮೇಲೆ ಉಳಿದದ್ದನ್ನು ತೆಗೆದು, ತಟ್ಟೆ ತೊಳೆದು ಬೋರಲು ಹಾಕಬೇಕು.

ಮೊಟ್ಟೆ ಇಡುವ ಹೇಂಟೆಗೆ ಇನ್ನೊಂದು ಚಿಕ್ಕ ಪಾತ್ರೆ ಬೇಕು. ಒಂದು ಮೊಟ್ಟೆಯ ಚಿಪ್ಪೇ ನಾಲ್ಕೈದು ಗ್ರಾಂ ತೂಗುತ್ತದೆ. ಹೆಚ್ಚುಕಡಿಮೆ ಅದೆಲ್ಲ ಸುಣ್ಣದ ಅಂಶ. ಆ ಸುಣ್ಣ ಎಲ್ಲಿಂದಲಾದರೂ ಬರಬೇಕು. ಒಂದು ತೆಂಗಿನ ಕರಟವನ್ನು ಬೇಲಿಗೆ ಕಟ್ಟಿ, ಅದರಲ್ಲಿ ಕಪ್ಪೆಚಿಪ್ಪಿನ ನುಚ್ಚನ್ನೋ, ಬಾಣಲೆಯಲ್ಲಿ ಹುರಿದು ಪುಡಿಮಾಡಿದ ಮೊಟ್ಟೆಚಿಪ್ಪನ್ನೋ ಇಟ್ಟರೆ ಬೇಕಾದ ಹೇಂಟೆ ಬೇಕಾದಷ್ಟು ತಿನ್ನುತ್ತದೆ. ಮೇವಿಗೆ ಬೆರೆಸಿ ಹುಂಜಕ್ಕೂ ಮರಿಗೂ ತಿನ್ನಿಸಬೇಕಾಗಿಲ್ಲ. ಕರಟಕ್ಕೆ ಕಾಸು ಕೊಡಬೇಕಾಗಿಲ್ಲ. ಕೊಳೆಯಾದರೆ ಒಲೆಗೆ ಹಾಕಿ ಬೇರೆ ಕಟ್ಟಬಹುದು.

ನೀರಿನ ಪಾತ್ರೆ

ಮೇವಿಗೆ ತೋರುವ ಕಾಳಜಿಯಲ್ಲಿ ಕಾಲು ಭಾಗವನ್ನೂ ನಮ್ಮ ಜನ ನೀರಿಗೆ ತೋರುವುದಿಲ್ಲ. ಕೋಳಿ ಎಲ್ಲಿಯಾದರೂ ಬಚ್ಚಲ ಮೋರಿಯಲ್ಲಿ ಕುಡಿದುಕೊಂಡೀತು ಎಂಬ ಎಣಿಕೆ. ಮೊಟ್ಟೆಯ ತೂಕದಲ್ಲಿ ನೂರಕ್ಕೆ ಅರವತ್ತೈದು ಪಾಲು ನೀರೇ ಎಂಬುದನ್ನು ಇಂಥವರಿಗೆ ಹೇಳಬೇಕು. ಬೆಳೆದ ಕೋಳಿ ತಿಂದ ಮೇವಿನ ಎರಡರಷ್ಟು ತೂಕದ ನೀರು ಕುಡಿಯುತ್ತದೆ, ದಿನಕ್ಕೆ ಸುಮಾರು ಕಾಲು ಲೀಟರು. ಕೋಳಿಗೆ ಬೆವರು ಇಲ್ಲ. ಬಿಸಿಲು ಹೆಚ್ಚಿದಾಗ ಬಾಯಿ ತೆರೆದು ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳುತ್ತದೆ. ಆ ಉಸಿರಿನಲ್ಲಿ ಹೋದ ನೀರನ್ನು ಮತ್ತೆ ಕುಡಿದೇ ತುಂಬಬೇಕು. ಚೈತ್ರ ವೈಶಾಖದಲ್ಲಿ ಹತ್ತು ಕೋಳಿಗೆ ನಾಲ್ಕೈದು ಲೀಟರು ಬೇಕಾದೀತು. ಒಂದು ಮಧ್ಯಾಹ್ನ ನೀರಿಲ್ಲದೆ ಹೋದರೆ ಮಾರನೆಯ ದಿನಗಳ ಮೊಟ್ಟೆಯ ಮೇಲೆ ಅದು ಕಾಣುತ್ತದೆ. ಹಾಗೆಯೇ, ನೀರು ಇದ್ದರೆ ಸಾಲದು. ಬಿಸಿಲಿನಲ್ಲಿ ಕಾದ ತಗಡಿನ ನೀರನ್ನು ಕೋಳಿ ಮುಟ್ಟುವುದಿಲ್ಲ, ಹತ್ತಿರ ಬಂದು ಕೊಕ್ಕು ಅದ್ದಿ ಹಿಂದಿರುಗುತ್ತದೆ.

ಇಲ್ಲಿಯೇ ಕುಂಬಾರನ ಮಣ್ಣಿನ ಪಾತ್ರೆ ಎಲ್ಲವನ್ನೂ ಗೆಲ್ಲುತ್ತದೆ. ಮಣ್ಣಿನ ರಂಧ್ರಗಳಿಂದ ನೀರು ಜಿನುಗಿ, ಆರುವಾಗ ಒಳಗಿನ ನೀರಿನ ಕಾವನ್ನು ಎಳೆದುಕೊಳ್ಳುತ್ತದೆ. ಹೊಂಗೆಯ ನೆರಳಿನಲ್ಲಿ ಇಟ್ಟ ಮಣ್ಣಿನ ಅಗಲ ಬೋಗುಣಿಯ ನೀರು ಏಪ್ರಿಲ್ ಮಧ್ಯಾಹ್ನದಲ್ಲಿಯೂ ತಣ್ಣಗಿರುತ್ತದೆ. ಇದಕ್ಕೆ ಎರಡು ಕುಂದುಗಳುಂಟು. ಹಗುರ ಬೋಗುಣಿಯಾದರೆ ಹೇಂಟೆ ಅಂಚಿನ ಮೇಲೆ ಹತ್ತಿ ಮಗುಚುತ್ತದೆ, ಒಡೆಯುತ್ತದೆ. ರಂಧ್ರಗಳಲ್ಲಿ ಪಾಚಿ ಸೇರುತ್ತದೆ. ಆದುದರಿಂದ ದಪ್ಪ ತಳದ, ಅಗಲ ಬಾಯಿಯ ಬೋಗುಣಿಯನ್ನೇ ಆರಿಸಿ, ಎರಡನ್ನು ಇಟ್ಟುಕೊಂಡು, ಒಂದು ದಿನ ಒಂದನ್ನು ಬಿಸಿಲಿಗೆ ಒಣಹಾಕಿ ಇನ್ನೊಂದನ್ನು ಬಳಸಬೇಕು.

ಹಳೆಯ ಮನೆಗಳ ಹಿತ್ತಲಲ್ಲಿ ಬಿದ್ದಿರುವ ಕಲ್ಲುಬಾನಿ, ತೂತುಬೀಳದ ಹಳೆಯ ಒರಳುಕಲ್ಲು ಕೋಳಿಗೆ ಬಹಳ ಒಳ್ಳೆಯವು. ಮಗುಚುವುದಿಲ್ಲ, ಕಾಯುವುದಿಲ್ಲ. ಆದರೆ ಒರಳಿನ ಗುಂಡಿ ಆಳ. ಅದರಲ್ಲಿ ಮರಿ ಬಿದ್ದರೆ ಹತ್ತಿಬರಲಾರದು. ಗುಂಡಿಗೆ ತೊಳೆದ ಕಲ್ಲು ತುಂಬಿ, ಮೇಲೆ ಒಂದು ಅಂಗುಲ ಮಾತ್ರ ನೀರು ನಿಲ್ಲುವಂತೆ ಮಾಡಿಕೊಳ್ಳಬೇಕು. ಎತ್ತಿ ತೊಳೆಯಲಾಗದ್ದು ಇದರ ದೊಡ್ಡ ದೋಷ. ವಾರಕ್ಕೆ ಎರಡು ಸಲ ಕಲ್ಲುಗಳನ್ನು ತೆಗೆದು ತೆಂಗಿನ ನಾರಿನಿಂದ ಉಜ್ಜುವ ಮನಸ್ಸಿದ್ದವರು ಮಾತ್ರ ಇದಕ್ಕೆ ಕೈ ಹಾಕಲಿ.

ತಗಡಿನ ವಿಷಯದಲ್ಲಿ ಒಂದು ಎಚ್ಚರ. ಸತುವಿನ ಲೇಪವಿರುವ ಬಕೀಟು, ಹಿತ್ತಾಳೆ, ತಾಮ್ರ, ಇವುಗಳಲ್ಲಿ ಬರಿಯ ನೀರು ಸ್ವಲ್ಪ ಹೊತ್ತು ಇದ್ದರೆ ಚಿಂತೆಯಿಲ್ಲ. ಮಜ್ಜಿಗೆಯನ್ನೋ ಹುಳಿ ಬಂದ ರಾಗಿಗಂಜಿಯನ್ನೋ ಹಾಕಿದರೆ ಹುಳಿಗೆ ಲೋಹ ಕರಗಿ ವಿಷವಾಗುತ್ತದೆ. ಬೇಸಿಗೆಯಲ್ಲಿ ಕೋಳಿಗೆ ಮಜ್ಜಿಗೆ ನೀರು ಕೊಡುವವರು ಮಣ್ಣಿನದನ್ನೋ ಪ್ಲಾಸ್ಟಿಕ್ಕಿನದನ್ನೋ ಸ್ಟೀಲಿನದನ್ನೋ ಬಳಸಲಿ.

ತೆರೆದ ಪಾತ್ರೆ ಯಾವುದೇ ಆದರೂ ಅದರಲ್ಲಿ ಧೂಳು, ಎಲೆ, ಹಿಕ್ಕೆ ಬೀಳುವುದು ತಪ್ಪದು. ಅದಕ್ಕೆ ಬೋರಲು ಡಬ್ಬದ ಉಪಾಯವಿದೆ. ಅಂಗಡಿಯಲ್ಲಿ ಕೆಂಪು ತಟ್ಟೆ, ಬಿಳಿ ಡಬ್ಬದ ಕೋಳಿ ನೀರಿನ ಪಾತ್ರೆ ಎಂದು ಮಾರುವುದು ಇದನ್ನೇ. ಮನೆಯಲ್ಲಿಯೇ ಮಾಡಿಕೊಳ್ಳಬಹುದು. ತಿನ್ನುವ ಪದಾರ್ಥ ತುಂಬಿದ್ದ ಎರಡು ಲೀಟರಿನ ಡಬ್ಬ ತೆಗೆದುಕೊಳ್ಳಿ. ಬಾಯಿಯಿಂದ ಮುಕ್ಕಾಲು ಅಂಗುಲ ಕೆಳಗೆ ಕಿರುಬೆರಳು ತೂರುವಷ್ಟು ಒಂದು ತೂತು ಮಾಡಿ. ಅದಕ್ಕಿಂತ ಎರಡಂಗುಲ ಅಗಲವಾದ, ಒಂದೂವರೆ ಅಂಗುಲ ಅಂಚಿನ, ಸಮತಳದ ತಟ್ಟೆ ಬೇಕು. ಡಬ್ಬಕ್ಕೆ ತೂತಿನ ಮಟ್ಟದವರೆಗೆ ನೀರು ತುಂಬಿ, ತಟ್ಟೆಯನ್ನು ಮುಚ್ಚಳದಂತೆ ಬೋರಲಿಟ್ಟು, ಎರಡನ್ನೂ ಒತ್ತಿಹಿಡಿದು ಥಟ್ಟನೆ ತಿರುವಿ ಹಾಕಿ. ನೀರು ತೂತಿನಿಂದ ಹರಿದು ತಟ್ಟೆಯಲ್ಲಿ ಮುಕ್ಕಾಲು ಅಂಗುಲ ಏರುತ್ತದೆ. ತೂತು ಮುಚ್ಚಿದ ಕೂಡಲೇ ಡಬ್ಬದೊಳಗೆ ಗಾಳಿ ಹೋಗಲು ದಾರಿಯಿಲ್ಲದೆ ನಿಂತುಬಿಡುತ್ತದೆ. ಕೋಳಿ ಕುಡಿದಷ್ಟು ಮತ್ತೆ ಇಳಿಯುತ್ತದೆ. ತೂತು ತಟ್ಟೆಯ ಅಂಚಿಗಿಂತ ತಗ್ಗಿನಲ್ಲಿರಬೇಕಾದ್ದೇ ಇದರ ಗುಟ್ಟು. ಅಂಚಿಗಿಂತ ಮೇಲಾದರೆ ನೀರೆಲ್ಲ ಹೊರಕ್ಕೆ ಹರಿದುಹೋಗುತ್ತದೆ. ಡಬ್ಬ ಸೀಳಿದ್ದರೂ ಹಾಗೆಯೇ. ಮಣ್ಣಿನ ಕುಡಿಕೆಯಲ್ಲಿ ಇದನ್ನು ಮಾಡುವವರು ಮೊದಲು ರಾತ್ರಿಯೆಲ್ಲ ಕುಡಿಕೆಯನ್ನು ನೀರಿನಲ್ಲಿ ಮುಳುಗಿಸಿಡಲಿ, ಒಣಗಿದ ಮಣ್ಣು ಗಾಳಿಯನ್ನು ಒಳಕ್ಕೆ ಬಿಡುತ್ತದೆ.

ಇನ್ನೂ ಸುಲಭವಾದುದು ಕುಡಿಯುವ ನೀರಿನ ಬಾಟಲಿ. ಬಾಟಲಿಯನ್ನು ತುಂಬಿ, ಬಾಯಿ ಕೆಳಗಾಗಿ ಒಂದು ಗೂಟಕ್ಕೆ ಕಟ್ಟಿ, ಬಾಯಿ ತಟ್ಟೆಯ ತಳದಿಂದ ಅರ್ಧ ಅಂಗುಲ ಮೇಲೆ ನಿಲ್ಲುವಂತೆ ಮಾಡಿದರೆ ಮುಗಿಯಿತು. ಬಿಸಿಲು ಬೀಳುವಲ್ಲಿ ಇಟ್ಟರೆ ಬಾಟಲಿಯೊಳಗೆ ಪಾಚಿ ಹಸಿರುಗಟ್ಟುತ್ತದೆ, ನೆರಳಿನಲ್ಲೇ ಕಟ್ಟಬೇಕು. ನಾಮಕ್ಕಲ್ ಕಡೆಯ ದೊಡ್ಡ ಫಾರಂಗಳಲ್ಲಿ ಕೊಳವೆಗೆ ಮೊಲೆತೊಟ್ಟಿನಂತಹ ಪುಟ್ಟ ನಲ್ಲಿ ಸಿಕ್ಕಿಸಿ ಸಾವಿರಾರು ಕೋಳಿಗೆ ಹನಿಹನಿಯಾಗಿ ನೀರು ಕೊಡುತ್ತಾರೆ. ಪಂಜರದ ಕೋಳಿಗೆ ಅದು ತಕ್ಕದ್ದು. ನಮ್ಮ ಹತ್ತು ನಾಟಿ ಕೋಳಿಗೆ ಅಷ್ಟು ಖರ್ಚು ಬೇಡ ಎಂದು ನಮ್ಮ ಅಭಿಪ್ರಾಯ.

ಯಾವ ನೀರು ಎಂಬುದನ್ನೂ ಹೇಳದೆ ಬಿಡಲಾಗದು. ಬೆಂಗಳೂರಿನ ಕೊಳಚೆ ಸೇರಿ ಬರುವ ದಕ್ಷಿಣ ಪಿನಾಕಿನಿಯ ನೀರು ಕೆಲವರಪಲ್ಲಿ ಅಣೆಕಟ್ಟಿನಲ್ಲಿ ನೊರೆಯಾಗಿ ಏಳುವುದನ್ನು ಈ ಕಡೆಯವರು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕಂಡಿದ್ದಾರೆ. ಆ ನೀರು ಹಾಯುವ ಕಾಲುವೆಯಿಂದ ಮೊಗೆದು ಕೋಳಿಗೆ ಇಡಬೇಡಿ. ನಿಮಗೆ ಕುಡಿಯಲು ಒಗ್ಗದ ನೀರು ಕೋಳಿಗೂ ಬೇಡ. ಕೊಳವೆಬಾವಿಯ ನೀರು ಗಡುಸಾದರೆ ಪಾತ್ರೆಗೆ ಬಿಳಿಯ ಗಾರೆಯಂತೆ ಹಿಡಿಯುತ್ತದೆ. ಹುಣಸೆಹಣ್ಣಿನಿಂದ ಉಜ್ಜಿದರೆ ಹೋಗುತ್ತದೆ.

ಮರಿಗಳ ಪಾತ್ರೆ

ಇಪ್ಪತ್ತೊಂದು ದಿನ ಕಾವು ಕೂತು ಹೇಂಟೆ ಹತ್ತು ಮರಿ ಎಬ್ಬಿಸುತ್ತದೆ. ತಿಂಗಳು ಕಳೆಯುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಉಳಿಯುವುದು ನಾಲ್ಕೋ ಐದೋ. ಹದ್ದು, ಕಾಗೆ, ಬೆಕ್ಕು ಒಯ್ದವು ಕೆಲವಾದರೆ, ಪಾತ್ರೆಯಿಂದ ಸತ್ತವು ಕೆಲವು. ಮರಿ ನೀರಿನಲ್ಲಿ ಮುಳುಗಿಯೇ ಸಾಯಬೇಕೆಂದಿಲ್ಲ. ತುಪ್ಪಳ ನೆನೆದರೆ ಸಾಕು, ರಾತ್ರಿಯ ಚಳಿಗೆ ಮುದುಡಿ ಸಾಯುತ್ತದೆ. ಹೊಸೂರು ಎತ್ತರದ ಸೀಮೆ, ಮಾಗಿಯ ಚಳಿ ಇಲ್ಲಿ ಕಡಿಮೆಯೇನಲ್ಲ. ಆದುದರಿಂದ ಮೊದಲ ಎರಡು ವಾರ ಮರಿಯ ನೀರಿನ ತಟ್ಟೆಯಲ್ಲಿ ಗೋಲಿಯಷ್ಟು ದಪ್ಪದ ಬೆಣಚುಕಲ್ಲುಗಳನ್ನು ತುಂಬಿರಬೇಕು. ಮರಿ ಕಲ್ಲಿನ ಸಂದಿನಲ್ಲಿ ಕೊಕ್ಕಿಟ್ಟು ಕುಡಿಯುತ್ತದೆ, ಕಾಲಿಡಲು ಜಾಗವಿರುವುದಿಲ್ಲ.

ತಾಯಿಕೋಳಿಯ ಕಾಟ ಇನ್ನೊಂದು. ಮರಿಗೆ ಕಲಿಸುವ ಹುಮ್ಮಸ್ಸಿನಲ್ಲಿ ಅದು ತಟ್ಟೆಯನ್ನೇ ಕೆದಕಿ ಮಗುಚುತ್ತದೆ, ನುಚ್ಚನ್ನೆಲ್ಲ ತಾನೇ ತಿಂದುಬಿಡುವುದೂ ಉಂಟು. ಇದಕ್ಕೆ ನಮ್ಮ ಕುಕ್ಕೆಯೇ ಮದ್ದು. ಬಿದಿರಿನ ಕುಕ್ಕೆಯನ್ನು ಬೋರಲು ಹಾಕಿ, ಕೆಳಗೆ ಮೂರು ಕಲ್ಲಿಟ್ಟು ಮರಿ ನುಸುಳುವಷ್ಟು ಎತ್ತರ ಬಿಟ್ಟು, ಮೇಲೆ ಒಂದು ಭಾರ ಹೇರಿ, ಮರಿಯ ನುಚ್ಚು ನೀರನ್ನು ಒಳಗಿಡಬೇಕು. ಮರಿಗಳು ನುಸುಳಿ ತಿಂದು ಬರುತ್ತವೆ. ತಾಯಿ ಹೊರಗಿನಿಂದ ಗದರುತ್ತಾ ಸುತ್ತುತ್ತದೆ. ಕಾಗೆಯ ಭಯವೂ ತಪ್ಪಿತು.

ಮರಿಗಳಿಗೆ ಬರುವ ರಕ್ತಭೇದಿಗೂ ನೀರಿನ ಪಾತ್ರೆಗೂ ಹತ್ತಿರದ ನಂಟು. ರೋಗದ ಬೀಜ ಹಿಕ್ಕೆಯಲ್ಲಿ ಹೊರಬರುತ್ತದೆ. ಹೊರಬಂದ ಕೂಡಲೇ ಅದು ಕೇಡು ಮಾಡದು. ತೇವ, ಬೆಚ್ಚಗೆ ಎರಡೂ ಸಿಕ್ಕಿದರೆ ಒಂದೆರಡು ದಿನದಲ್ಲಿ ಬಲಿತು ರೋಗ ತರುವ ಶಕ್ತಿ ಪಡೆಯುತ್ತದೆ. ಒಣ ನೆಲದಲ್ಲಿ ಅದಕ್ಕೆ ಬಲಿಯುವ ಯೋಗವಿಲ್ಲ. ಹಿತ್ತಲಲ್ಲಿ ಯಾವಾಗಲೂ ಒದ್ದೆಯಾಗಿರುವ ಜಾಗ ಯಾವುದು? ನೀರಿನ ಪಾತ್ರೆಯ ಸುತ್ತಲಿನ ಒಂದು ಮೊಳ ನೆಲ. ಮರಿಗಳೆಲ್ಲ ದಿನವೂ ಸೇರುವುದೂ ಅಲ್ಲಿಯೇ. ಪಾತ್ರೆಯನ್ನು ದಿನಕ್ಕೊಂದು ಕಡೆ ಸರಿಸುವುದು, ಕೆಳಗೆ ಮರಳನ್ನೋ ಜಲ್ಲಿಯನ್ನೋ ಹರಡುವುದು, ಇಲ್ಲವೆ ಚಪ್ಪಡಿ ಕಲ್ಲಿನ ಮೇಲಿಡುವುದು, ಇಷ್ಟರಿಂದ ಔಷಧಿಯ ಖರ್ಚು ಎಷ್ಟೋ ತಪ್ಪುತ್ತದೆ. ಕೋಳಿ ರಾತ್ರಿ ಕೂರುವ ಗಳದ ಕೆಳಗೆ ಮೇವಿನದಾಗಲಿ ನೀರಿನದಾಗಲಿ ಪಾತ್ರೆ ಇಡಲೇಬಾರದು.

ಕೊಕ್ಕರೆ ರೋಗದ ಕಾಲದಲ್ಲಿ

ತಮಿಳಿನಲ್ಲಿ ವೆಳ್ಳೈ ಕಳಿಚ್ಚಲ್ ಎಂದು ಕರೆಯುವುದು ನಮ್ಮ ಕೊಕ್ಕರೆ ರೋಗವನ್ನೇ. ದನದ ಆಸ್ಪತ್ರೆಯ ಗೋಡೆಯ ಮೇಲೆ ಈ ಹೆಸರು ಕಂಡರೆ, ತಮಿಳು ಓದುವ ಮಕ್ಕಳಿಂದ ಲಸಿಕೆಯ ತಾರೀಕನ್ನು ಓದಿಸಿ ಕೇಳಿಕೊಳ್ಳಿ. ಕುಮಾವೂನಿನ ರಾಣಿಖೇತದಲ್ಲಿ ಗುರುತಿಸಿದುದರಿಂದ ರಾಣಿಖೇತ್ ರೋಗ ಎಂತಲೂ ಇದಕ್ಕೆ ಹೆಸರಿದೆ. ಬಂದ ಮೇಲೆ ಮದ್ದಿಲ್ಲ, ಬರುವ ಮೊದಲು ಲಸಿಕೆ ಒಂದೇ ದಾರಿ. ನೀರಿಗೆ ಪೊಟಾಸಿಯಂ ಪರ್ಮಾಂಗನೇಟಿನ ಹರಳು ಹಾಕಿ ಕೆಂಪಗೆ ಮಾಡಿದರೆ ಈ ರೋಗ ಹೋಗುತ್ತದೆ ಎಂದು ನಂಬಿದವರು ಇನ್ನೂ ಇದ್ದಾರೆ, ಅದು ಹುಸಿ.

ಮರಿಗಳಿಗೆ ಕೊಡುವ ಲಸಿಕೆಯಲ್ಲಿ ಕುಡಿಯುವ ನೀರಿಗೆ ಬೆರೆಸುವಂಥದೂ ಉಂಟು. ಅದರಲ್ಲಿರುವುದು ಜೀವವಿರುವ ಲಸಿಕೆ. ಪಾತ್ರೆ ಕೆಟ್ಟರೆ ಲಸಿಕೆಯೂ ಸಾಯುತ್ತದೆ, ಹಾಕಿಸಿದ್ದೇವೆ ಎಂಬ ನೆಮ್ಮದಿ ಮಾತ್ರ ಉಳಿಯುತ್ತದೆ. ಆ ದಿನಕ್ಕೆ ಲೋಹದ ಪಾತ್ರೆ ಬೇಡ, ಪ್ಲಾಸ್ಟಿಕ್ಕಿನದೇ ಆಗಲಿ. ಹಿಂದಿನ ದಿನ ಬರಿಯ ನೀರಿನಿಂದ ತೊಳೆದಿರಬೇಕು. ಸೋಪು, ಬ್ಲೀಚಿಂಗ್ ಪುಡಿ ತಾಗಿಸಬಾರದು. ಕ್ಲೋರಿನ್ ಹಾಕಿದ ನಲ್ಲಿಯ ನೀರೂ ಬೇಡ, ಬಾವಿಯ ತಣ್ಣೀರು ತನ್ನಿ. ಲೀಟರಿಗೆ ಸುಮಾರು 5 ಗ್ರಾಂ ಕೆನೆರಹಿತ ಹಾಲಿನ ಪುಡಿ ಕರಗಿಸಿದರೆ ಲಸಿಕೆಗೆ ರಕ್ಷೆ. ಬೆಳಿಗ್ಗೆ ಒಂದೆರಡು ತಾಸು ನೀರು ಕೊಡದೆ ಇದ್ದು, ಆಮೇಲೆ ಒಂದು ತಾಸಿನಲ್ಲಿ ಕುಡಿದು ಮುಗಿಸುವಷ್ಟನ್ನು ಮಾತ್ರ ನೆರಳಿನಲ್ಲಿ ಇಡಬೇಕು. ಎಲ್ಲ ಮರಿಗೂ ಕೊಕ್ಕಿಡಲು ಜಾಗ ಸಿಕ್ಕುವಷ್ಟು ತಟ್ಟೆಗಳಿರಲಿ. ಮುದುಡಿ ಕೂತ ಮರಿಗಳಿದ್ದರೆ ಆ ದಿನ ಲಸಿಕೆ ಬೇಡ, ಮೊದಲು ವೈದ್ಯರಿಗೆ ತೋರಿಸಬೇಕು. ಮತ್ತಿಗಿರಿಯಲ್ಲಿ 1824ರಷ್ಟು ಹಿಂದೆ ಸೈನ್ಯದ ಕುದುರೆಗಳಿಗಾಗಿ ಆರಂಭವಾದ ಜಾನುವಾರು ಕ್ಷೇತ್ರವೂ, ಕೋಳಿ ಸಾಕಣೆಯನ್ನೇ ಕಲಿಸುವ ಕಾಲೇಜೂ ಇವೆ. ಹೊಸೂರಿನವರಿಗೆ ಕೂಗಳತೆಯ ದೂರ. ಹೋಗಿ ಕೇಳುವುದಕ್ಕೆ ಸಂಕೋಚ ಬೇಡ.

ಪಕ್ಕದ ಮನೆಯಲ್ಲಿ ಕೋಳಿ ಸಾಯುತ್ತಿದ್ದರೆ ಅವರ ಪಾತ್ರೆಯನ್ನು ಎರವಲು ತರಬೇಡಿ, ನಿಮ್ಮದನ್ನು ಕೊಡಬೇಡಿ. ಸತ್ತ ಕೋಳಿ ಕುಡಿದಿದ್ದ ಮಣ್ಣಿನ ಪಾತ್ರೆಯನ್ನು ಒಡೆದು ಹೂಳುವುದೇ ಸರಿ. ಪ್ಲಾಸ್ಟಿಕ್ಕಿನದನ್ನು ಮೊದಲು ಕೊಳೆ ಹೋಗುವಂತೆ ಉಜ್ಜಿ, ಆಮೇಲೆ ಬ್ಲೀಚಿಂಗ್ ನೀರಿನಲ್ಲಿ ಮುಳುಗಿಸಿ, ಎರಡು ದಿನ ಬಿಸಿಲಿಗೆ ಒಣಗಿಸಬೇಕು. ಉಜ್ಜದೆ ಬ್ಲೀಚಿಂಗ್ ಹಾಕಿದರೆ ಕೊಳೆಯ ಅಡಿಯಲ್ಲಿ ರೋಗ ಹಾಗೆಯೇ ಉಳಿಯುತ್ತದೆ.

ಸಂಜೆ ಕೋಳಿ ಗೂಡು ಸೇರಿದ ಮೇಲೆ ಮೇವಿನ ಪಾತ್ರೆಯನ್ನು ಎತ್ತಿ, ಉಳಿದದ್ದನ್ನು ಮುಚ್ಚಳವಿರುವ ಡಬ್ಬಕ್ಕೆ ಸುರಿದು, ಪಾತ್ರೆಯನ್ನು ಗೋಡೆಗೆ ತೂಗುಹಾಕಿ. ಹೊರಗೆ ಬಿಟ್ಟರೆ ಇಲಿ ಬರುತ್ತದೆ. ತಿಂದದ್ದಕ್ಕಿಂತ ಉಚ್ಚೆ ಹಿಕ್ಕೆಯಿಂದ ಕೆಡಿಸಿದ್ದು ಹೆಚ್ಚಾಗುತ್ತದೆ. ಇಲಿಯ ಹಿಂದೆ ಹಾವೂ ಬರುತ್ತದೆ, ಅದಕ್ಕೆ ಮೊಟ್ಟೆಯ ದಾರಿಯೂ ಗೊತ್ತು. ನೀರನ್ನು ಗಿಡದ ಬುಡಕ್ಕೆ ಚೆಲ್ಲಿ ಬೋಗುಣಿಯನ್ನು ಬೋರಲು ಹಾಕಿ, ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವ ಮೊದಲು ಹೊಸ ನೀರು ಇಟ್ಟಿರಿ. ರಾತ್ರಿಯೆಲ್ಲ ಬಾಯಾರಿದ ಕೋಳಿ ಮೊದಲು ಹುಡುಕುವುದು ಕಾಳನ್ನಲ್ಲ, ನೀರನ್ನು.